ಎರೆಹೊಲದಲ್ಲಿ ಹೆಂಡಿಹುಳುಗಳ ಗಣತಿ ಮಾಡುವ ಬಗೆ

ಜೀರುಂಡೆಗಳ ಗುಂಪಿನಲ್ಲಿ ಇದುವರೆಗೆ ಹೆಸರು ಪಡೆದಿರುವ ಪ್ರಭೇದಗಳು ಸುಮಾರು 4 ಲಕ್ಷ. ಇಷ್ಟು ದೊಡ್ಡ ಗುಂಪಿಗೆ ಒಮ್ಮೆಲೇ ಕೈಹಾಕಿದರೆ ಯಾವುದೂ ಪೂರ್ತಿಯಾಗುವುದಿಲ್ಲವಾದ್ದರಿಂದ, ವಿಜಯಪುರ, ಬಾಗಲಕೋಟೆ ಕಡೆಯ ವಿದ್ಯಾರ್ಥಿಗಳು ಎಲ್ಲಿಂದ ಆರಂಭಿಸಬೇಕೆಂದು ಕೇಳಿದಾಗ ನಾನು ಹೆಂಡಿಹುಳುವನ್ನೇ ತೋರಿಸುತ್ತೇನೆ. ಪುಸ್ತಕದಲ್ಲಿ ಇದನ್ನು ಸಗಣಿ ಜೀರುಂಡೆ ಎನ್ನುತ್ತಾರೆ. ದನ ಮೇಯುವ ಊರಲ್ಲೆಲ್ಲ ಇದು ಸಿಗುತ್ತದೆ. ಹಿಡಿಯಲು ದುಬಾರಿ ಉಪಕರಣ ಬೇಡ.

ಬೇಸಿಗೆಯ ಒಣ ನೆಲದಲ್ಲಿ ಹುಡುಕಿ ಫಲವಿಲ್ಲ. ರೋಹಿಣಿ ಮಳೆ ಬಿದ್ದು ನೆಲ ಹದಗೊಂಡ ಮೇಲೆ ಕೆಲಸ ಆರಂಭಿಸಿ, ಹಸ್ತ, ಚಿತ್ತಾ ಮಳೆ ಮುಗಿಯುವವರೆಗೆ ಪ್ರತಿ ತಿಂಗಳೂ ಒಂದೇ ವಾರದಲ್ಲಿ ಬಲೆ ಇಡಬೇಕು. ಜಾಗಗಳು ಕನಿಷ್ಠ ಎರಡು ಬಗೆಯವಾಗಿದ್ದರೆ ಹೋಲಿಕೆಗೆ ಅವಕಾಶವಾಗುತ್ತದೆ: ಡೋಣಿ ನದಿಯ ಬದಿಯ ಎರೆಹೊಲ ಒಂದಾದರೆ, ದನ ಮೇಯುವ ಮಡ್ಡಿ ಇನ್ನೊಂದು. ಹೊಲದ ಯಜಮಾನರ ಒಪ್ಪಿಗೆ ಮೊದಲು ಪಡೆಯಿರಿ. ಯಡಹಳ್ಳಿ ಚಿಂಕಾರ ವನ್ಯಧಾಮದಂತಹ ರಕ್ಷಿತ ಪ್ರದೇಶದಲ್ಲಾದರೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಒಂದು ಹುಳುವನ್ನೂ ಮುಟ್ಟುವಂತಿಲ್ಲ.

ಬಲೆ ಎಂದರೆ ನೆಲದಲ್ಲಿ ಹೂತಿಟ್ಟ ಪ್ಲಾಸ್ಟಿಕ್ ಡಬ್ಬಿ, ಅಷ್ಟೇ. ಬಾಯಿ 12 ಸೆಂಟಿಮೀಟರ್ ಅಗಲ, 15 ಸೆಂಟಿಮೀಟರ್ ಆಳ ಇದ್ದರೆ ಸಾಕು. ಆದರೆ ಎಲ್ಲ ಡಬ್ಬಿಗಳೂ ಒಂದೇ ಅಳತೆಯವಾಗಿರಬೇಕು. ಅಂಚು ನೆಲಕ್ಕೆ ಸಮನಾಗಿ ಕೂರಬೇಕು, ಜೋಳದ ಕಾಳಿನಷ್ಟು ಮೇಲೆದ್ದರೂ ಸಣ್ಣ ಹುಳು ಅದನ್ನು ಸುತ್ತಿ ಹಾದುಹೋಗುತ್ತದೆ. ಎರೆಮಣ್ಣಿನಲ್ಲಿ ಇದೇ ದೊಡ್ಡ ತಲೆನೋವು. ಮಳೆನೀರು ಕುಡಿದು ಉಬ್ಬಿದ ಎರೆ ಡಬ್ಬಿಯನ್ನು ಮೇಲಕ್ಕೆ ದೂಡುತ್ತದೆ. ಬಿಸಿಲು ಬಿದ್ದು ಒಣಗಿದರೆ ಸುತ್ತಲೂ ಬಿರುಕು ಬಿಟ್ಟು, ಡಬ್ಬಿಗೆ ಬೀಳಬೇಕಾದ ಹುಳು ಬಿರುಕಿಗೆ ಇಳಿದು ಪಾರಾಗುತ್ತದೆ. ಆದ್ದರಿಂದ ಡಬ್ಬಿಗಿಂತ ನಾಲ್ಕು ಬೆರಳು ಅಗಲವಾಗಿ ಗುಂಡಿ ತೋಡಿ, ಸುತ್ತ ಉಸುಕು ತುಂಬಿ, ಕೈಯಿಂದ ಒತ್ತಿ ಕೂರಿಸಬೇಕು. ಡಬ್ಬಿಯ ಮೂರನೇ ಒಂದು ಭಾಗ ಉಪ್ಪುನೀರು ಹಾಕಿ, ಚಿಟಿಕೆ ಬಟ್ಟೆ ಒಗೆಯುವ ಪುಡಿ ಬೆರೆಸಿದರೆ ಬಿದ್ದ ಹುಳು ತೇಲದೆ ಮುಳುಗುತ್ತದೆ. ಮಳೆಗೆ ಅಡ್ಡವಾಗಿ ಮೇಲೊಂದು ತಟ್ಟೆಯನ್ನು ಕಡ್ಡಿಗಳ ಮೇಲೆ ನಿಲ್ಲಿಸಿ. ನಾಯಿ, ಹಂದಿಗಳ ಕಾಟಕ್ಕೆ ಸುತ್ತ ಬಳ್ಳಾರಿ ಜಾಲಿಯ ಮುಳ್ಳು ಹಾಕುವುದಕ್ಕಿಂತ ಒಳ್ಳೆಯ ಉಪಾಯ ನನಗೆ ಇನ್ನೂ ಸಿಕ್ಕಿಲ್ಲ.

ಆ ದಿನ ಬೆಳಿಗ್ಗೆ ಬಿದ್ದ ಹಸಿ ಹೆಂಡಿಯನ್ನು ಪ್ರತಿ ಬಲೆಗೆ 200 ಗ್ರಾಂನಂತೆ ತೂಗಿ, ತೆಳು ಬಟ್ಟೆಯಲ್ಲಿ ಕಟ್ಟಿ, ಡಬ್ಬಿಯ ಬಾಯಿಯ ಮೇಲೆ ಕಡ್ಡಿಗೆ ತೂಗುಹಾಕಬೇಕು. ಕಣ್ಣಳತೆ ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಒಂದು ಬಲೆಯಲ್ಲಿ ಹೆಚ್ಚು ಹುಳು ಬಿದ್ದದ್ದು ಜಾಗದ ಗುಣವೋ ಹೆಂಡಿಯ ಪ್ರಮಾಣವೋ ಎಂಬುದು ಆಮೇಲೆ ತಿಳಿಯದು. ಮಾಲೀಕರನ್ನು ಇನ್ನೊಂದು ಮಾತು ಕೇಳಿ: ದನಕ್ಕೆ ಇತ್ತೀಚೆಗೆ ಜಂತುನಾಶಕ ಔಷಧ ಕೊಟ್ಟಿದ್ದಾರೆಯೇ? ಐವರ್ಮೆಕ್ಟಿನ್ ಕೊಟ್ಟ ದನದ ಹೆಂಡಿಯಲ್ಲಿ ಆ ಔಷಧ ಉಳಿದು ಜೀರುಂಡೆಯ ಮರಿಹುಳುಗಳನ್ನು ಕೊಲ್ಲುವುದರಿಂದ, ಅಂತಹ ಹೆಂಡಿಯನ್ನು ಬಿಡುವುದೇ ಸರಿ. ಬಲೆಯಿಂದ ಬಲೆಗೆ ಕನಿಷ್ಠ 50 ಮೀಟರ್ ಅಂತರವಿರಲಿ.

ಬಲೆಗಳನ್ನು 48 ಗಂಟೆ ಬಿಟ್ಟು, ಬೆಳಿಗ್ಗೆ ಮತ್ತು ಸಂಜೆ ಬೇರೆಬೇರೆಯಾಗಿ ಬರಿದು ಮಾಡಿ. ಉಂಡೆ ಉರುಳಿಸುವ ಜಿಮ್ನೋಪ್ಲೂರಸ್ ಹಗಲಿನದು. ಕಪ್ಪಗೆ ದಪ್ಪಗಿರುವ ಕ್ಯಾಥಾರ್ಸಿಯಸ್ ಮೊಲೋಸಸ್ ರಾತ್ರಿಯದು. ಸಿಕ್ಕ ಹುಳುಗಳನ್ನು ತೊಳೆದು ಶೇ. 70ರ ಆಲ್ಕೋಹಾಲಿನಲ್ಲಿ ಹಾಕಿ, ಸೀಸೆಯೊಳಗೇ ಚೀಟಿ ಇಡಬೇಕು: ಜಿಲ್ಲೆ, ಊರು, ಅಕ್ಷಾಂಶ ರೇಖಾಂಶ, ದಿನಾಂಕ, ಬಲೆಯ ಸಂಖ್ಯೆ, ಹಿಡಿದವರ ಹೆಸರು. ಚೀಟಿಯನ್ನು ಪೆನ್ಸಿಲಿನಲ್ಲೇ ಬರೆಯಿರಿ. ಮೊದಲ ವರ್ಷ ನಾನು ಪೆನ್ನಿನಲ್ಲಿ ಬರೆದ ಚೀಟಿಗಳ ಶಾಯಿಯೆಲ್ಲ ಆಲ್ಕೋಹಾಲಿನಲ್ಲಿ ಕರಗಿ, ಒಂದು ಮುಂಗಾರಿನ ಸಂಗ್ರಹವಿಡೀ ಊರು ತೇದಿ ಇಲ್ಲದ ಹುಳುಗಳ ರಾಶಿಯಾಗಿ ಉಳಿಯಿತು.

ಒಣ ಸಂಗ್ರಹಕ್ಕೆ ಸೂಜಿಯನ್ನು ಬಲಗಡೆಯ ಗಟ್ಟಿ ರೆಕ್ಕೆಯ ಮೂಲಕ ಚುಚ್ಚುವುದು ರೂಢಿ. ತೀರ ಸಣ್ಣವನ್ನು ಕಾಗದದ ತ್ರಿಕೋನದ ತುದಿಗೆ ಅಂಟಿಸುತ್ತಾರೆ. ಪೆಟ್ಟಿಗೆಯ ಮುಚ್ಚಳ ಬಿಗಿಯಾಗಿರಲಿ, ಏಕೆಂದರೆ ಒಣ ಜೀರುಂಡೆಯನ್ನು ಪುಡಿ ಮಾಡಿ ತಿನ್ನುವುದೂ ಇನ್ನೊಂದು ಜೀರುಂಡೆಯೇ.

ಗುರುತಿಸುವಾಗ ಮೊದಲು ಹಿಂಗಾಲು ನೋಡಬೇಕು. ಉಂಡೆ ಉರುಳಿಸುವವುಗಳಲ್ಲಿ ಅದು ಉದ್ದವಾಗಿ ತೆಳ್ಳಗಿರುತ್ತದೆ. ಹೆಂಡಿಯ ಕೆಳಗೇ ಬಿಲ ತೋಡುವವುಗಳಲ್ಲಿ ಗಿಡ್ಡವಾಗಿದ್ದು ತುದಿಯ ಕಡೆ ಅಗಲವಾಗುತ್ತದೆ. ಜಿಮ್ನೋಪ್ಲೂರಸ್‌ನ ಗಟ್ಟಿ ರೆಕ್ಕೆಯ ಹೊರ ಅಂಚು ಹೆಗಲ ಹಿಂದೆ ಕಚ್ಚು ಹಾಕಿದಂತೆ ಒಳಸರಿದಿರುವುದರಿಂದ ಅದನ್ನು ಕೈಮಸೂರದಲ್ಲೇ ಹಿಡಿಯಬಹುದು. ಹೊಸಬರನ್ನು ದಾರಿ ತಪ್ಪಿಸುವುದು ಓಂಥೋಫೇಗಸ್. ಮರಿಯಾಗಿದ್ದಾಗ ಹೊಟ್ಟೆತುಂಬ ಉಂಡು ದೊಡ್ಡದಾದ ಗಂಡಿಗೆ ತಲೆಯ ಮೇಲೆ ಕೊಂಬು ಮೂಡುತ್ತದೆ. ಅರೆಹೊಟ್ಟೆಯಲ್ಲಿ ಬೆಳೆದ ಅದೇ ಪ್ರಭೇದದ ಗಂಡಿಗೆ ಕೊಂಬು ಮೊಳಕೆಯಷ್ಟೇ. ಹೆಣ್ಣಿನ ರೂಪ ಇನ್ನೊಂದು ಬಗೆ. ಹೀಗೆ ಒಂದೇ ಪ್ರಭೇದವನ್ನು ಮೂರೆಂದು ಬರೆದುಕೊಂಡರೆ ವೈವಿಧ್ಯದ ಲೆಕ್ಕವೇ ತಪ್ಪುತ್ತದೆ. ಖಚಿತ ನಿರ್ಣಯಕ್ಕೆ ಗಂಡಿನ ಜನನಾಂಗವನ್ನು ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ. ಅಲ್ಲಿಗೂ ಸಂಶಯ ಉಳಿದರೆ, ಹೆಸರನ್ನು ಊಹಿಸದೆ, ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊದಂತಹ ಸಂಸ್ಥೆಯ ತಜ್ಞರ ಅಭಿಪ್ರಾಯ ಕೇಳುವುದು ಉತ್ತಮ.

ಹುಳುವಿನ ಬದುಕನ್ನು ನೋಡಬೇಕೆಂದರೆ, ಎರಡು ಗಾಜಿನ ಹಲಗೆಗಳನ್ನು ಮೂರು ಸೆಂಟಿಮೀಟರ್ ಅಂತರದಲ್ಲಿ ನಿಲ್ಲಿಸಿ, ನಡುವೆ ಜರಡಿ ಹಿಡಿದ ತೇವದ ಮಣ್ಣು ತುಂಬಿ, ಮೇಲೆ ಹೆಂಡಿ ಇಟ್ಟು, ಸಣ್ಣ ಓಂಥೋಫೇಗಸ್‌ನ ಒಂದು ಜೋಡಿಯನ್ನು ಬಿಡಬೇಕು. ಗಾಜಿಗೆ ಕಪ್ಪು ಕಾಗದ ಮುಚ್ಚಿ, ನೋಡುವ ಹೊತ್ತಿಗೆ ಮಾತ್ರ ತೆಗೆಯಿರಿ. ಹೆಣ್ಣು ಹೆಂಡಿಯನ್ನು ಕೆಳಗೆ ಸಾಗಿಸಿ, ಬಿಲದ ತುದಿಯಲ್ಲಿ ಒತ್ತಿ ಉಂಡೆ ಕಟ್ಟಿ, ಪ್ರತಿ ಉಂಡೆಗೆ ಒಂದೇ ಮೊಟ್ಟೆ ಇಡುತ್ತದೆ. ಉಂಡೆ ಕಟ್ಟಿದ ದಿನಾಂಕವನ್ನು ಗಾಜಿನ ಮೇಲೆಯೇ ಬರೆದಿಟ್ಟು, ಪ್ರೌಢ ಹುಳು ಅದನ್ನು ಒಡೆದು ಹೊರಬರುವ ದಿನದವರೆಗೆ ಎಣಿಸುತ್ತ ಹೋಗಿ. ಅಲ್ಲಿಯವರೆಗೆ ಮಣ್ಣು ಒಣಗದಂತೆ ಎರಡು ದಿನಕ್ಕೊಮ್ಮೆ ನೀರು ಚಿಮುಕಿಸುತ್ತಿರಬೇಕು.