ಕೌಂಟರ್ ಮುಚ್ಚದೆ ಒರಾಕಲ್‌ನಿಂದ ಪೋಸ್ಟ್‌ಗ್ರೆಸ್‌ಗೆ: ನನ್ನ ಅನುಭವ

"ಫ್ರೀ ಸಿಗೋ ಡೇಟಾಬೇಸ್‌ಗೆ ಗ್ಯಾರಂಟಿ ಯಾರ್ ಕೊಡ್ತಾರ್ರಿ?" ಮೊದಲ ಮೀಟಿಂಗ್‌ನಲ್ಲೇ ಆ ಸೌಹಾರ್ದ ಸಹಕಾರಿಯ ಮ್ಯಾನೇಜರ್ ಕೇಳಿದ್ದರು. ಅವರ ಲೆಕ್ಕವನ್ನೆಲ್ಲ ಒರಾಕಲ್ ಅನ್ನುವ ದುಡ್ಡಿನ ಡೇಟಾಬೇಸ್‌ನಿಂದ ಪೋಸ್ಟ್‌ಗ್ರೆಸ್ ಅನ್ನುವ ಉಚಿತ ಡೇಟಾಬೇಸ್‌ಗೆ ಸಾಗಿಸುವ ಕೆಲಸಕ್ಕೆ ನಾನು ಹೋಗಿದ್ದೆ. ಪಕ್ಕದಲ್ಲಿದ್ದ ಸಾಫ್ಟ್‌ವೇರ್‌ನವರು ಇನ್ನೊಂದು ಹೆಜ್ಜೆ ಮುಂದೆ ಹೋದರು. "ಒಂದು ರಾತ್ರಿಗೆ ಆಗೋ ಕೆಲಸ ಅಲ್ಲ ಸರ್. ಮೂರು ದಿನ ಕೌಂಟರ್ ಮುಚ್ಚಬೇಕಾಗ್ತದೆ." ಮೂರು ದಿನ ಪಿಗ್ಮಿ ಕಟ್ಟಿಸಿಕೊಳ್ಳದಿದ್ದರೆ ಅಂಗಡಿಯವರು ಪಕ್ಕದ ಸೊಸೈಟಿಗೆ ಕಟ್ಟಲು ಶುರು ಮಾಡುತ್ತಾರೆ. ಈ ಕೆಲಸ ಕೈತಪ್ಪಿತು ಅಂದುಕೊಂಡೇ ಎದ್ದು ಬಂದೆ.

ಈಗ ಅವರ ಅರವತ್ತು ಚಿಲ್ಲರೆ ಶಾಖೆಗಳು ಎಂಟು ತಿಂಗಳಿಂದ ಪೋಸ್ಟ್‌ಗ್ರೆಸ್ ಮೇಲೆ ಓಡುತ್ತಿವೆ. ಕೌಂಟರ್ ಒಂದು ಗಂಟೆಯೂ ಮುಚ್ಚಲಿಲ್ಲ. ಹೇಗೆ ಮಾಡಿದಿರಿ ಅಂತ ಅದೇ ಸಾಫ್ಟ್‌ವೇರ್‌ನವರು ಫೋನ್ ಮಾಡಿ ಕೇಳಿದ್ದಾರೆ. ಹಾಗಾಗಿ ಬರೆದೇ ಬಿಡೋಣ ಅನಿಸಿತು.

ಹಳೆಯದು ಒರಾಕಲ್ 11ಜಿ. ಹೊಸ ವರ್ಷನ್‌ಗೆ ಹೋಗಲು ಸರ್ವರ್, ಲೈಸೆನ್ಸ್ ಎಲ್ಲ ಸೇರಿ ಅವರಿಗೆ ಸಿಕ್ಕಿದ್ದ ಕೊಟೇಶನ್ 38 ಲಕ್ಷದ ಹತ್ತಿರ. ನಾನು ಸರ್ವರ್ ಸೇರಿಸಿ 9 ಲಕ್ಷ ಅಂದೆ. 11 ಅನ್ನಬೇಕಿತ್ತು. ನಾಲ್ಕು ತಿಂಗಳು ಅಂದುಕೊಂಡಿದ್ದು ಏಳಾಯಿತು, ಹೆಚ್ಚಿನ ಮೂರು ತಿಂಗಳ ಖರ್ಚು ನನ್ನ ಕೈಯಿಂದಲೇ ಹೋಯಿತು.

ಡೇಟಾ ಸುಮಾರು 180 ಜಿಬಿ. ಅರ್ಧಕ್ಕಿಂತ ಜಾಸ್ತಿ ಫೋಟೋ, ಸಹಿಗಳ ಸ್ಕ್ಯಾನ್. ವಹಿವಾಟಿನ ಟೇಬಲ್‌ನಲ್ಲಿ 11 ಕೋಟಿ ಸಾಲು, ಮುಕ್ಕಾಲು ಪಾಲು ಪಿಗ್ಮಿ. ಒರಾಕಲ್ ಡೇಟಾವನ್ನು ಪೋಸ್ಟ್‌ಗ್ರೆಸ್‌ಗೆ ಸಾಗಿಸುವ ಓರಾ2ಪಿಜಿ ಅನ್ನುವ ಸಾಧನ ಹಾಕಿ ಒಂದೇ ಸಲ ಎಳೆದರೆ ನನ್ನ ಮೊದಲ ತಾಲೀಮಿಗೆ 31 ಗಂಟೆ ಹಿಡಿಯಿತು. ಅಲ್ಲಿಗೆ ಆ ಸಾಫ್ಟ್‌ವೇರ್‌ನವರು ಹೇಳಿದ್ದೇ ಸರಿ ಅನ್ನುವ ಹಾಗಾಯಿತು.

ಆಮೇಲೆ ಹೊಳೆಯಿತು. ಮಾರ್ಚ್ 31ಕ್ಕೆ ಮುಗಿದು ಆಡಿಟ್ ಆದ ವರ್ಷದ ಲೆಕ್ಕ ಮತ್ತೆ ಬದಲಾಗುವುದಿಲ್ಲ ಅಲ್ವಾ? ಹಾಗಿದ್ದರೆ ಅದನ್ನು ಸಾಗಿಸಲು ಡೇಟಾಬೇಸ್ ಬದಲಾಯಿಸುವ ರಾತ್ರಿಗೇ ಯಾಕೆ ಕಾಯಬೇಕು? ಟೇಬಲ್ ಅನ್ನು ವರ್ಷಕ್ಕೊಂದು ಪಾರ್ಟಿಷನ್, ಅಂದರೆ ಬೇರೆ ಬೇರೆ ತುಂಡು, ಮಾಡಿ, ಹಳೆಯ ಹನ್ನೆರಡು ವರ್ಷವನ್ನು ವಾರಕ್ಕೆ ಒಂದೆರಡರಂತೆ ಮೊದಲೇ ಸಾಗಿಸಿಬಿಟ್ಟೆ. ಕೊನೆಯ ರಾತ್ರಿಗೆ ಉಳಿಯುವುದು ಈ ವರ್ಷದ್ದು ಮತ್ತು ಸದಸ್ಯರು, ಖಾತೆಗಳಂಥ ಮೂಲ ವಿವರದ ಮಾಸ್ಟರ್ ಟೇಬಲ್‌ಗಳು ಮಾತ್ರ.

ಶಾಖೆವಾರು, ವರ್ಷವಾರು ಜಮಾ-ಖರ್ಚು ಕೂಡಿಸಿ ಎರಡೂ ಕಡೆ ತಾಳೆ ನೋಡುತ್ತಿದ್ದೆ. ಮೊದಲ ವಾರ ಎಲ್ಲ ಸರಿ ಇತ್ತು. ಎರಡನೇ ವಾರ 2016-17ರಲ್ಲಿ ಒಂದು ಶಾಖೆಯದು 340 ರೂಪಾಯಿ ವ್ಯತ್ಯಾಸ. ನನ್ನ ಸ್ಕ್ರಿಪ್ಟ್‌ನಲ್ಲೇ ತಪ್ಪು ಅಂತ ಎರಡು ರಾತ್ರಿ ತಲೆ ಕೆಡಿಸಿಕೊಂಡೆ. ನೋಡಿದರೆ ಅಲ್ಲಿ ಯಾರೋ ಹಳೆ ತಾರೀಖಿನ ಎಂಟ್ರಿ ತೆಗೆದು ತಿದ್ದಿದ್ದರು. ಆಡಿಟ್ ಆದ ವರ್ಷದಲ್ಲಿ! ಹಳೆ ತಾರೀಖಿನ ಸಾಲು ಮುಟ್ಟಿದರೆ ಎರರ್ ಕೊಡುವ ಟ್ರಿಗರ್ ಹಾಕಿದೆ. ಮಾರನೇ ದಿನವೇ ಐದು ಶಾಖೆಗಳಿಂದ "ಸಾಫ್ಟ್‌ವೇರ್ ಕೆಟ್ಟಿದೆ" ಅಂತ ಫೋನ್ ಬಂತು. ಆ ಪಟ್ಟಿಯನ್ನು ಮ್ಯಾನೇಜರ್ ಮುಂದೆ ಇಟ್ಟೆ. ಅವತ್ತಿಂದ ಅವರು ಗ್ಯಾರಂಟಿ ಬಗ್ಗೆ ಕೇಳಿಲ್ಲ.

ನಿಜವಾದ ಕಷ್ಟ ಕೊಟ್ಟಿದ್ದು ಕನ್ನಡ. ಎರಡು ಲಕ್ಷ ಸದಸ್ಯರ ಹೆಸರು ನುಡಿ ಫಾಂಟ್‌ನಲ್ಲಿ ಇದ್ದವು, ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಆದ ಯೂನಿಕೋಡ್ ಸಂಕೇತದಲ್ಲಿ ಅಲ್ಲ. ಫಾಂಟ್ ತೆಗೆದರೆ 'ಕನ್ನಡ' ಅನ್ನುವುದು ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರುವ ಎ, ಪೌಂಡ್ ಗುರುತು ಅಂತ ಶುರುವಾಗುತ್ತದೆ. ಪರಿವರ್ತನೆ ನಾನೇ ಬರೆದೆ. ನುಡಿಯಲ್ಲಿ ಅರ್ಕಾವತ್ತು ಅಕ್ಷರ ಆದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರ್ ಅಕ್ಷರಕ್ಕಿಂತ ಮೊದಲು ಬರಬೇಕು. ಮೊದಲ ಸುತ್ತಿನಲ್ಲಿ ಅದನ್ನು ಮರೆತಿದ್ದೆ. ಧರ್ಮಣ್ಣ 'ಧಮರ್ಣ್ಣ' ಆದ, ಕರ್ನಾಟಕ 'ಕನಾರ್ಟಕ' ಆಯಿತು.

ಅದು ಕಣ್ಣಿಗೆ ಕಾಣುವ ತಪ್ಪು, ಪರವಾಗಿಲ್ಲ. ಕಾಣದ್ದು ಇನ್ನೊಂದಿತ್ತು. ಗೋಪಾಲ ಅಂತ ಹುಡುಕಿದರೆ ಗೋಪಾಲ ಸಿಗುತ್ತಿರಲಿಲ್ಲ. ಪರದೆ ಮೇಲೆ ಎರಡೂ ಒಂದೇ. ಬೈಟ್ ತೆಗೆದು ನೋಡಿದಾಗ ಗೊತ್ತಾಯಿತು. ಕೌಂಟರ್‌ನಲ್ಲಿ ಟೈಪ್ ಮಾಡಿದ ಓತ್ವ ಒಂದೇ ಸಂಕೇತ. ನನ್ನ ಪರಿವರ್ತನೆ ಮಾಡಿದ್ದು ಎತ್ವ, ಕೊಂಬಿನ ದೀರ್ಘ, ಮೇಲೊಂದು ದೀರ್ಘ, ಹೀಗೆ ಮೂರು ತುಂಡು. ಪೋಸ್ಟ್‌ಗ್ರೆಸ್ 13ರಿಂದ ಇಂಥ ತುಂಡುಗಳನ್ನು ಒಂದೇ ಸಂಕೇತ ಮಾಡುವ ನಾರ್ಮಲೈಸ್ ಫಂಕ್ಷನ್ ಇದೆ. ಒಂದು ಅಪ್‌ಡೇಟ್ ಓಡಿಸಿದೆ, ಮುಗಿಯಿತು. ಅದು ಗೊತ್ತಾಗಲು ಹತ್ತು ದಿನ ಹೋಗಿತ್ತು, ಅಷ್ಟೇ.

ಒಂದೇ ಕಾಲಂನಲ್ಲಿ ಇಂಗ್ಲಿಷ್ ಹೆಸರೂ ನುಡಿ ಹೆಸರೂ ಬೆರೆತಿದ್ದವು. ಯಾವುದು ಯಾವುದು ಅಂತ ಬೇರೆ ಮಾಡಿದ ಉಪಾಯ ಇಲ್ಲಿ ಹೇಳುವುದಿಲ್ಲ, ಕ್ಷಮಿಸಿ. ಅದರಿಂದಲೇ ಇನ್ನೆರಡು ಸೊಸೈಟಿಗಳ ಕೆಲಸ ಬಂದಿದೆ.

ಉಳಿದ ಪೆಟ್ಟುಗಳು ನಿಮಗೂ ಗೊತ್ತಿರುವವೇ. ಒರಾಕಲ್‌ನಲ್ಲಿ ಖಾಲಿ ಅಂದರೆ ನಲ್ (ಅಲ್ಲಿ ಏನೂ ಇಲ್ಲ ಅನ್ನುವ ಗುರುತು), ಅದನ್ನು ಹೆಸರಿಗೆ ಜೋಡಿಸಿದರೂ ಹೆಸರು ಉಳಿಯುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ನಲ್ ಜೋಡಿಸಿದರೆ ಇಡೀ ಹೆಸರೇ ನಲ್. ತಂದೆ ಹೆಸರು ಇಲ್ಲದ ಒಂಬತ್ತು ಸಾವಿರ ಜನರ ಪಾಸ್‌ಬುಕ್ ಹೆಸರಿಲ್ಲದೆ ಬಂತು, ಪುಣ್ಯಕ್ಕೆ ತಾಲೀಮಿನಲ್ಲಿ. ಸಾಲಿಗೆ ನಾಲ್ಕು ಬೈಟ್ ಉಳಿಸುತ್ತೇನೆ ಅಂತ ಟೈಮ್‌ಸ್ಟ್ಯಾಂಪ್ (ತಾರೀಖಿನ ಜೊತೆ ಸಮಯವೂ ಇರುವುದು) ಬಿಟ್ಟು ಬರೀ ಡೇಟ್ ಮಾಡಿದ್ದೆ. ದಿನದೊಳಗಿನ ಎಂಟ್ರಿಗಳ ಕ್ರಮವೇ ಹೋಯಿತು. ಜಾಣತನ ಜಾಸ್ತಿ ಆದರೆ ಹೀಗೇ.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ತಾರೀಖಿನ ಮೇಲೆ ಬೇಗ ಹುಡುಕಲು ಇಡುವ ಸೂಚಿ, ಅಂದರೆ ಇಂಡೆಕ್ಸ್, ಇರುತ್ತದಲ್ಲ, ಅದಕ್ಕೆ ಪ್ರತಿ ಸಾಲನ್ನೂ ಗುರುತಿಸುವ ಬಿ-ಟ್ರೀ ಬದಲು, ಅಕ್ಕಪಕ್ಕದ ಸಾಲುಗಳ ಗುಂಪಿಗೆ ಮೊದಲ-ಕೊನೆಯ ತಾರೀಖು ಮಾತ್ರ ಇಡುವ ಬ್ರಿನ್. ಎರಡು ಜಿಬಿ ದಾಟಿದ್ದು ಒಂದು ಎಂಬಿಯೊಳಗೆ ಬಂತು. ಆದರೆ ಕ್ವೆರಿ ಮೊದಲಿಗಿಂತ ನಿಧಾನ! ನಾಲ್ಕು ಜಾಬ್ ಒಟ್ಟಿಗೆ ತುಂಬಿದ್ದರಿಂದ ತಾರೀಖುಗಳೆಲ್ಲ ಕಲಸಿ ಹೋಗಿದ್ದವು. ತಾರೀಖಿನ ಪ್ರಕಾರ ಜೋಡಿಸಿ ಮತ್ತೆ ತುಂಬಿದ ಮೇಲೆ ಸರಿಹೋಯಿತು. ಈಗ ಮುಗಿದ ವರ್ಷಗಳಿಗೆ ಬ್ರಿನ್, ಈ ವರ್ಷಕ್ಕೆ ಬಿ-ಟ್ರೀ.

ಒಟ್ಟು ಏಳು ತಾಲೀಮು. ಕೊನೆಗೆ ಒಂದು ಶನಿವಾರ, ಏಜೆಂಟರ ಪಿಗ್ಮಿ ಮಷಿನ್‌ಗಳೆಲ್ಲ ಅಪ್‌ಲೋಡ್ ಆದ ಮೇಲೆ ರಾತ್ರಿ ಒಂಬತ್ತೂವರೆಗೆ ಶುರು ಮಾಡಿದೆ. ಹನ್ನೆರಡೂ ಕಾಲಿಗೆಲ್ಲ ತಾಳೆಯೂ ಮುಗಿದಿತ್ತು. ಬೆಳಗಿನ ತನಕ ಬೇಕಾಗುತ್ತದೆ ಅಂತ ತರಿಸಿದ್ದ ಎರಡು ಫ್ಲಾಸ್ಕ್ ಚಹಾ ವಾಚ್‌ಮನ್‌ಗೆ ಹೋಯಿತು.

ಹಳೆ ಸರ್ವರ್ ಇನ್ನೂ ಮೂಲೆಯಲ್ಲಿ ಓಡುತ್ತಿದೆ. ಈ ವರ್ಷದ ಆಡಿಟ್ ಮುಗಿಯಲಿ, ಆಮೇಲೆ ಆಫ್ ಮಾಡೋಣ ಅಂದಿದ್ದಾರೆ ಮ್ಯಾನೇಜರ್. ನನ್ನ ಕೊನೆಯ ಕಂತು ಒಂದೂವರೆ ಲಕ್ಷವೂ ಅಲ್ಲಿಯ ತನಕ ಬಾಕಿ.