ಕೆಂಪಗಿರುವ ಚೈನೆಲ್ಲ ತುಕ್ಕು ಹಿಡಿದದ್ದಲ್ಲ

ತೋರಣಗಲ್ಲು–ಸಂಡೂರು ಕಡೆ ದಿನಾ ಓಡುವ ಬೈಕಿನ ಚೈನು ನೋಡಿದವರು ತುಕ್ಕು ಹಿಡಿದಿದೆ ಅಂದುಬಿಡ್ತಾರೆ. ಎಣ್ಣೆಗೆ ಅಂಟಿದ ಕಬ್ಬಿಣದ ಅದಿರಿನ ಧೂಳಿಗೂ ಅದೇ ಬಣ್ಣ. ಹಳೇ ಬನಿಯನ್ ತುಂಡಿಗೆ ಸೀಮೆಎಣ್ಣೆ ಹಾಕಿ ಒರೆಸಿದರೆ ಗೊತ್ತಾಗುತ್ತದೆ. ಧೂಳಾದರೆ ಚೈನಿಗೆಲ್ಲ ಒಂದೇ ಸಮ ಹತ್ತಿರುತ್ತದೆ, ಒಂದೇ ಸಲಕ್ಕೆ ಬಿಡುತ್ತದೆ. ಒಳಪ್ಲೇಟು ಹೊರಪ್ಲೇಟು ಕೂಡುವ ಸಂದಿಯಿಂದ, ಅದೂ ಅಲ್ಲೊಂದು ಇಲ್ಲೊಂದು ಲಿಂಕಿನಲ್ಲಿ ಮಾತ್ರ, ಒರೆಸಿದಷ್ಟೂ ಕೆಂಗಂದು ಪುಡಿ ಬರುತ್ತಿದ್ದರೆ ಅಲ್ಲಿ ಲಿಂಕು ಜೋಡಿಸುವ ಪಿನ್ನಿಗೂ ಅದು ತಿರುಗುವ ಕೊಳವೆಗೂ (ಬುಷ್) ನಡುವೆ ಎಣ್ಣೆ ಇಲ್ಲ. ಜಾಮ್ ಆಗುವ ಲಿಂಕು ಅದೇ.

ನನ್ನದು 125 ಸಿಸಿ ಬೈಕು, 428 ಅಳತೆಯ ಸಾದಾ ಚೈನು, ಸಂದಿ ಮುಚ್ಚುವ ರಬ್ಬರ್ ಬಳೆ (ಓ-ರಿಂಗ್) ಇಲ್ಲ. ಜಾಮ್ ಲಿಂಕು ಹುಡುಕಲು ಇಂಜಿನ್ ಆಫ್ ಮಾಡಿ, ನ್ಯೂಟ್ರಲ್‌ನಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರವನ್ನು ಕೈಯಿಂದ ಹಿಮ್ಮುಖವಾಗಿ ನಿಧಾನಕ್ಕೆ ತಿರುಗಿಸುತ್ತೇನೆ. ಕಣ್ಣು ಹಿಂದಿನ ಸ್ಪ್ರಾಕೆಟ್ಟಿನ (ಚೈನು ಕೂರುವ ಹಲ್ಲುಚಕ್ರದ) ಕೆಳಗೆ, ಚೈನು ಹಲ್ಲು ಬಿಟ್ಟು ಮುಂದೆ ಹೋಗುವ ಜಾಗದಲ್ಲಿ ಇರಬೇಕು. ಸರಿಯಿರುವ ಲಿಂಕು ಹಲ್ಲು ಬಿಟ್ಟ ಕೂಡಲೇ ನೆಟ್ಟಗಾಗುತ್ತದೆ. ಜಾಮ್ ಆದದ್ದು ಮಡಚಿಕೊಂಡೇ ಬಂದು ಗೂನು ಬೆನ್ನಿನ ಹಾಗೆ ಕಾಣುತ್ತದೆ. ಆ ಪ್ಲೇಟು ಒರೆಸಿ ನೇಲ್ ಪಾಲಿಶ್ ಗುರುತು ಹಾಕುತ್ತೇನೆ, ಜಿಡ್ಡಿನ ಮೇಲೆ ಸೀಮೆಸುಣ್ಣ ನಿಲ್ಲುವುದಿಲ್ಲ. ಇಂಜಿನ್ ಚಾಲೂ ಇಟ್ಟು ಗೇರಿಗೆ ಹಾಕಿ ಚೈನು ಒರೆಸುವವರನ್ನು ನೋಡಿದ್ದೇನೆ. ಬಟ್ಟೆ ಸಿಕ್ಕಿಕೊಂಡರೆ ಹಿಂದೆಯೇ ಬೆರಳೂ ಹೋಗುತ್ತದೆ.

ಗುರುತು ಹಾಕಿದ ಲಿಂಕಿನ ನಾಲ್ಕೂ ಸಂದಿಗೆ ಸೀಮೆಎಣ್ಣೆ ಬಿಟ್ಟು 20 ನಿಮಿಷ ಸುಮ್ಮನಿರಬೇಕು. ಸೀಮೆಎಣ್ಣೆ ಸಿಗದಿದ್ದರೆ ಸಾದಾ ಚೈನಿಗೆ ಡೀಸೆಲ್ ನಡೆಯುತ್ತದೆ. ಆಮೇಲೆ ಎರಡೂ ಕೈಯಲ್ಲಿ ಆಚೀಚೆಯ ಲಿಂಕು ಹಿಡಿದು ಮೊದಲು ಮೇಲೆ-ಕೆಳಗೆ, ನಂತರ ಹಗುರವಾಗಿ ಅಡ್ಡಕ್ಕೆ ಬಾಗಿಸುತ್ತೇನೆ. ಕಂದು ಕೆಸರು ಹೊರಗೆ ಬರುತ್ತದೆ. ಒರೆಸಿ, ಮತ್ತೆ ಸೀಮೆಎಣ್ಣೆ, ಮತ್ತೆ ಬಾಗಿಸು. ಕೆಸರು ತಿಳಿಯಾಗುವ ತನಕ ಇದೇ ಕೆಲಸ, ಒಂದು ಲಿಂಕಿಗೆ ಹತ್ತು-ಹದಿನೈದು ಸಲ ಬೇಕಾಗಬಹುದು. ಅಡ್ಡಕ್ಕೆ ಜೋರು ಹಾಕಿದರೆ ಪ್ಲೇಟು ಸೊಟ್ಟಗಾಗುತ್ತದೆ. ಇಷ್ಟಕ್ಕೂ ಬಿಡದಿದ್ದರೆ ಚೈನಿನ ಎರಡು ತುದಿ ಕೂಡಿಸುವ ಕ್ಲಿಪ್ಪಿನ ಲಿಂಕು (ಚೈನ್ ಲಾಕ್) ತೆಗೆದು, ಇಡೀ ಚೈನು ಬಿಚ್ಚಿ, ಒಂದು ರಾತ್ರಿ ತಗಡಿನ ಡಬ್ಬಿಯಲ್ಲಿ ನೆನೆಹಾಕುವುದು. ಮರಳಿ ಹಾಕುವಾಗ ಲಾಕ್ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೇ ಇರಬೇಕು.

ತುಕ್ಕಿಲ್ಲದೆಯೂ ಲಾಕ್ ಲಿಂಕೊಂದೇ ಬಿಗಿಯಾಗಿದ್ದರೆ ಅದು ಜೋಡಿಸಿದವರ ತಪ್ಪು, ಹೊರಪ್ಲೇಟನ್ನು ಮಿತಿ ಮೀರಿ ಒತ್ತಿರುತ್ತಾರೆ. ಕ್ಲಿಪ್ ತೆಗೆದು, ಪ್ಲೇಟನ್ನು ಸ್ಕ್ರೂಡ್ರೈವರ್ ತುದಿಯಿಂದ ಕೂದಲೆಳೆಯಷ್ಟು ಹೊರಗೆ ಸರಿಸಿದರೆ ಸಾಕು.

ಓ-ರಿಂಗ್ ಚೈನಿಗೆ ಪೆಟ್ರೋಲೂ ಬೇಡ, ತಂತಿ ಬ್ರಷ್ಷೂ ಬೇಡ. ರಬ್ಬರ್ ಹಾಳಾದರೆ ಒಳಗೆ ತುಂಬಿಸಿಟ್ಟ ಗ್ರೀಸ್ ಹೊರಗೆ ಹೋಗುತ್ತದೆ, ಅದನ್ನು ಮತ್ತೆ ತುಂಬಿಸಲು ದಾರಿಯಿಲ್ಲ.

ನಾಲ್ಕಕ್ಕಿಂತ ಹೆಚ್ಚು ಲಿಂಕು ಜಾಮ್ ಆಗಿದ್ದರೆ, ಇಲ್ಲವೇ ಪಿನ್ನಿನ ತಲೆ ತನ್ನ ಜಾಗದಲ್ಲೇ ತಿರುಗಿದ್ದರೆ ನಾನು ರಿಪೇರಿಗೆ ಹೋಗುವುದಿಲ್ಲ. ಅದಕ್ಕೂ ಮುಂಚೆ ಒಂದು ಅಳತೆ. ಚೈನನ್ನು ಬಿಗಿಯಾಗಿ ಎಳೆದು ಒಂದು ಪಿನ್ನಿನ ನಡುವಿನಿಂದ 21ನೇ ಪಿನ್ನಿನ ನಡುವಿಗೆ ಅಳೆಯಬೇಕು. 428 ಚೈನಿನ ಒಂದು ಲಿಂಕು 12.7 ಮಿ.ಮೀ., ಹೊಸದರಲ್ಲಿ 20 ಲಿಂಕಿಗೆ 254. ನನ್ನ ಲೆಕ್ಕದಲ್ಲಿ 258 ಮುಟ್ಟಿದರೆ ಚೈನು ಮುಗಿಯಿತು, ಎರಡೂ ಸ್ಪ್ರಾಕೆಟ್ ಸೇರಿಸಿ ಸೆಟ್ಟೇ ಬದಲಿಸುತ್ತೇನೆ. ಹಳೇ ಚೈನಿಗೆ ನಾಲ್ಕು ಹೊಸ ಲಿಂಕು ಕೂಡಿಸಿಕೊಡುತ್ತೇವೆ ಅನ್ನುವವರಿದ್ದಾರೆ. ಹಳೆಯದು ಉದ್ದವಾಗಿರುತ್ತದೆ, ಹೊಸದು ಆಗಿರುವುದಿಲ್ಲ, ಹಲ್ಲಿನ ಮೇಲೆ ಎರಡೂ ಒಂದೇ ತರಹ ಕೂರುವುದಿಲ್ಲ.

ಇಲ್ಲಿ ಲಿಂಕು ಜಾಮ್ ಆಗಲು ಮುಖ್ಯ ಕಾರಣ ಧೂಳಿಗಿಂತ ವಾಟರ್ ಸರ್ವಿಸ್ ಅಂತಲೇ ನನ್ನ ಅಭಿಪ್ರಾಯ. ಸಿರುಗುಪ್ಪ ಕಡೆಯ ಗದ್ದೆ ದಾರಿಯಲ್ಲಿ ಎರೆಮಣ್ಣು ಚೈನಿಗೆ ಮೆತ್ತಿ, ಒಣಗಿ ಇಟ್ಟಿಗೆಯಾಗುತ್ತದೆ. ಅದನ್ನು ಬಿಡಿಸಲು ಪ್ರೆಶರ್ ಪೈಪನ್ನು ನೇರ ಚೈನಿಗೆ ಹಿಡಿಯುತ್ತಾರೆ. ಮಣ್ಣಿನ ಜೊತೆ ಎಣ್ಣೆಯೂ ಹೋಗಿ ಸಂದಿಯಲ್ಲಿ ನೀರು ಕೂರುತ್ತದೆ. ನಾನು ಎರೆಮಣ್ಣನ್ನು ಬಕೆಟ್ ನೀರಿನಲ್ಲಿ ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೆಗೆಯುತ್ತೇನೆ. ಆಮೇಲೆ ಐದು ಕಿಲೋಮೀಟರ್ ಓಡಿಸಿ ಒಣಗಿಸಿ, ಬಿಸಿ ಆರುವ ಮುಂಚೆ ಎಣ್ಣೆ.

ಎಣ್ಣೆ ಅಂದರೆ 90 ನಂಬರಿನ ಗೇರ್ ಆಯಿಲ್. ಗ್ರೀಸ್ ಹೊರಗೇ ಕೂತು ಅದಿರಿನ ಧೂಳಿನ ಜೊತೆ ಸೇರಿ ಸಾಣೆಕಲ್ಲಾಗುತ್ತದೆ. ಇಂಜಿನ್ನಿಂದ ಇಳಿಸಿದ ಹಳೇ ಆಯಿಲ್ಲಿನಲ್ಲಿ ಲೋಹದ ಪುಡಿ ಇರುತ್ತದೆ. ಸೂಜಿ ತೆಗೆದ ಸಿರಿಂಜಿನಿಂದ ಕೆಳಗಿನ ಸಾಲಿನ ಒಳಮೈಗೆ, ಪ್ಲೇಟಿನ ಸಂದಿಗೊಂದು ಹನಿಯಂತೆ ಎರಡೂ ಬದಿ ಬಿಡಬೇಕು. ತಿರುಗುವಾಗ ಎಣ್ಣೆ ಹೊರಗೆ ಸಿಡಿಯುವುದರಿಂದ ಒಳಗಿನಿಂದ ಬಿಟ್ಟದ್ದು ಸಂದಿ ದಾಟಿಯೇ ಹೋಗುತ್ತದೆ. ರಾತ್ರಿ ಬಿಟ್ಟು ಬೆಳಿಗ್ಗೆ ಹೊರಗಿನದನ್ನೆಲ್ಲ ಒರೆಸುತ್ತೇನೆ. ಅದಿರಿನ ರಸ್ತೆಯಲ್ಲಿ ಪ್ರತಿ 300 ಕಿಲೋಮೀಟರಿಗೆ ಇದು ಬೇಕು.

ಕೊನೆಗೆ ಸಡಿಲ. ಚಕ್ರ ತಿರುಗಿಸುತ್ತ ಚೈನು ಅತಿ ಬಿಗಿ ಇರುವ ಜಾಗ ಹುಡುಕಿ, ಕೆಳಸಾಲಿನ ನಡುವೆ ಮೇಲೆ-ಕೆಳಗೆ ಎಷ್ಟು ಆಡುತ್ತದೆ ಅಂತ ಅಳೆಯಬೇಕು. ನನ್ನ ಬೈಕಿಗೆ 25ರಿಂದ 30 ಮಿ.ಮೀ., ನಿಮ್ಮದನ್ನು ಬೈಕಿನ ಪುಸ್ತಕದಲ್ಲಿ ನೋಡಿಕೊಳ್ಳಿ. ಎರಡೂ ಬದಿಯ ಅಡ್ಜಸ್ಟರ್ ಒಂದೇ ಗೆರೆಗೆ ಬರಬೇಕು. ಹಿಂದೆ ಡ್ರಮ್ ಬ್ರೇಕ್ ಇದ್ದರೆ ಚಕ್ರ ಹಿಂದಕ್ಕೆ ಸರಿದಷ್ಟೂ ಬ್ರೇಕ್ ರಾಡ್ ಎಳೆದುಕೊಳ್ಳುತ್ತದೆ. ಆ್ಯಕ್ಸಲ್ ನಟ್ ಬಿಗಿಮಾಡಿದ ಮೇಲೆ ಚಕ್ರ ಬಿಡುವಾಗಿ ತಿರುಗುತ್ತದೆಯೇ ನೋಡಿ, ಹಿಡಿಯುತ್ತಿದ್ದರೆ ಬ್ರೇಕ್ ನಟ್ಟನ್ನು ಒಂದೆರಡು ಸುತ್ತು ಸಡಿಲಿಸಿ.