ಆರಾಮಾಗಿರುವವರನ್ನು ಪರೀಕ್ಷಿಸುವಾಗ ನಾನು ಏನು ಮಾಡುತ್ತೇನೆ

ನಾನು ಫ್ಯಾಮಿಲಿ ಡಾಕ್ಟರ್. ಜ್ವರ, ಕೆಮ್ಮು, ಹೊಟ್ಟೆನೋವು ಅಂತ ಬರುವವರ ಜೊತೆಗೆ, "ಏನೂ ತೊಂದರೆ ಇಲ್ಲ ಡಾಕ್ಟ್ರೇ, ಸುಮ್ನೆ ಒಂದ್ಸಲ ಎಲ್ಲಾ ಚೆಕ್ ಮಾಡಿ" ಅಂತ ಬರುವವರೂ ಇರುತ್ತಾರೆ. ನೋವು ಅಂತ ಬಂದವರಲ್ಲಿ ಎಲ್ಲಿಂದ ಶುರು ಮಾಡಬೇಕು ಅನ್ನುವುದನ್ನು ಆ ನೋವೇ ಹೇಳಿಬಿಡುತ್ತದೆ. ಏನೂ ಇಲ್ಲ ಅನ್ನುವವರ ವಿಷಯದಲ್ಲೇ ನನಗೆ ಜಾಸ್ತಿ ಎಚ್ಚರ ಬೇಕು. ಅವರು ಆರಾಮಾಗಿ ನಡೆದುಕೊಂಡು ಬಂದಿದ್ದಾರೆ, ನಾನು ಬರೆಯುವ ಒಂದು ಪರೀಕ್ಷೆ ಅವರಿಗೆ ರೋಗದ ಹೆಸರು ಅಂಟಿಸಿ ಕಳಿಸಬಹುದು. ಆ ರೋಗ ನಿಜವಾಗಿದ್ದರೆ ಒಳ್ಳೆಯದೇ ಆಯಿತು. ಇಲ್ಲದಿದ್ದರೆ ವರ್ಷಗಟ್ಟಲೆ ಬೇಡದ ಮಾತ್ರೆ, ಬೇಡದ ಭಯ.

ಹಾಗಾಗಿ ರಕ್ತ ತೆಗೆಯುವ ಮೊದಲು ಮಾತು. ವಯಸ್ಸೆಷ್ಟು? ಅಪ್ಪ ಅಥವಾ ಅಣ್ಣತಮ್ಮಂದಿರಿಗೆ 55ರ ಒಳಗೆ, ಅಮ್ಮ ಅಥವಾ ಅಕ್ಕತಂಗಿಯರಿಗೆ 65ರ ಒಳಗೆ ಹಾರ್ಟ್ ಅಟ್ಯಾಕ್ ಆಗಿದೆಯಾ? ತಂಬಾಕು, ಮದ್ಯ ಇದೆಯಾ? ಬಸುರಿದ್ದಾಗ ಶುಗರ್ ಬಂದಿತ್ತಾ? ಮೊಣಕಾಲು ನೋವಿಗೆ ಅಂತ ದಿನಾ ಯಾವುದಾದರೂ ಮಾತ್ರೆ ನುಂಗುತ್ತೀರಾ? ಕೊನೆಗೆ ಇನ್ನೆರಡು ಪ್ರಶ್ನೆ ತಪ್ಪದೇ ಕೇಳುತ್ತೇನೆ: ಕಳೆದ ಎರಡು ವಾರದಲ್ಲಿ ಮನಸ್ಸು ತುಂಬಾ ಕುಗ್ಗಿತ್ತಾ, ಯಾವ ಕೆಲಸದಲ್ಲೂ ಆಸಕ್ತಿ ಇಲ್ಲ ಅನ್ನಿಸಿತ್ತಾ? ಎಷ್ಟೋ ಜನ "ಎಲ್ಲಾ ಚೆಕ್ ಮಾಡಿ" ಅಂತ ಬಂದದ್ದರ ನಿಜವಾದ ಕಾರಣ ಈ ಎರಡು ಪ್ರಶ್ನೆ ಕೇಳಿದ ಮೇಲೇ ಹೊರಗೆ ಬರುತ್ತದೆ.

ಆಮೇಲೆ ಬಿಪಿ. ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ, ಅವಸರದಲ್ಲಿ ಇಷ್ಟು ಬೇಗ ಕೆಡುವ ಪರೀಕ್ಷೆಯೂ ಇಲ್ಲ. ಮೆಟ್ಟಿಲು ಹತ್ತಿ ಬಂದವರನ್ನು ಕೂರಿಸಿ, ಅಂಗಿಯ ತೋಳಿನ ಮೇಲೆಯೇ ಪಟ್ಟಿ ಸುತ್ತಿ, ಮಾತಾಡಿಸುತ್ತಾ ನೋಡಿದರೆ ಬರುವ ಅಂಕಿಯನ್ನು ನಾನು ನಂಬುವುದಿಲ್ಲ. ಹಿಂದಿನ ಅರ್ಧ ಗಂಟೆಯಲ್ಲಿ ಕಾಫಿ, ಸಿಗರೇಟು ಆಗಿರಬಾರದು. ಮೂತ್ರಕ್ಕೆ ಹೋಗಬೇಕಿದ್ದರೆ ಮೊದಲು ಹೋಗಿ ಬನ್ನಿ ಅನ್ನುತ್ತೇನೆ. ಆಮೇಲೆ ಐದು ನಿಮಿಷ ಸುಮ್ಮನೆ ಕೂರಬೇಕು. ಬೆನ್ನು ಕುರ್ಚಿಗೆ ಒರಗಿರಬೇಕು, ಎರಡೂ ಪಾದ ನೆಲದ ಮೇಲಿರಬೇಕು, ಕಾಲ ಮೇಲೆ ಕಾಲು ಹಾಕಬಾರದು. ಬರಿ ತೋಳು ಮೇಜಿನ ಮೇಲೆ, ಎದೆಯ ಮಟ್ಟಕ್ಕೆ. ತೋಳು ಜೋತುಬಿದ್ದಿದ್ದರೆ ಅಂಕಿ ಏರುತ್ತದೆ. ಪಟ್ಟಿಯ ಅಳತೆಯೂ ಮುಖ್ಯ. ಒಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಸುಮಾರು 80 ಶೇಕಡಾದಷ್ಟು ಸುತ್ತಿಕೊಳ್ಳಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ಕಾಣಿಸುತ್ತದೆ, ಅದಕ್ಕೇ ದೊಡ್ಡ ಪಟ್ಟಿ ಸದಾ ಕೈಗೆ ಸಿಗುವ ಹಾಗೆ ಇಟ್ಟಿದ್ದೇನೆ. ಮೊದಲ ಭೇಟಿಯಲ್ಲಿ ಎರಡೂ ತೋಳಿನಲ್ಲಿ ನೋಡಿ, ಯಾವುದರಲ್ಲಿ ಜಾಸ್ತಿ ಬಂತೋ ಮುಂದೆ ಅದನ್ನೇ ಬಳಸುತ್ತೇನೆ. ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿ ಸರಾಸರಿ ಬರೆದುಕೊಳ್ಳುತ್ತೇನೆ.

146/92 ಬಂತು ಅಂದುಕೊಳ್ಳಿ. "ಹಾಗಾದರೆ ನನಗೆ ಬಿಪಿ ಇದೆಯಾ?" ಅಂತ ಕೇಳಿಯೇ ಕೇಳುತ್ತಾರೆ. ಗೊತ್ತಿಲ್ಲ, ನೋಡೋಣ ಅನ್ನುತ್ತೇನೆ. ಡಾಕ್ಟರ ಎದುರು ಮಾತ್ರ ಏರುವ ಬಿಪಿ ಬಹಳ ಜನರಿಗಿದೆ. ಕ್ಲಿನಿಕ್‌ನಲ್ಲಿ ಸರಿಯಿದ್ದು ಮನೆಯಲ್ಲಿ ಏರುವುದೂ ಉಂಟು. ಮನೆಯಲ್ಲಿ ಒಂದು ವಾರ, ಬೆಳಗ್ಗೆ ಎರಡು ಸಲ, ಸಂಜೆ ಎರಡು ಸಲ ನೋಡಿ ಬರೆದುಕೊಂಡು ಬರಲು ಹೇಳುತ್ತೇನೆ. ಮೊದಲ ದಿನದ್ದನ್ನು ಬಿಟ್ಟು ಉಳಿದದ್ದರ ಸರಾಸರಿ ತೆಗೆಯುತ್ತೇನೆ. ಮನೆಯ ಅಳತೆಗೆ 135/85, ಕ್ಲಿನಿಕ್‌ನ ಅಳತೆಗೆ 140/90, ಇದು ನಾನು ಇಟ್ಟುಕೊಂಡ ಗೆರೆ. ಅಮೆರಿಕದ ಹೃದ್ರೋಗ ತಜ್ಞರು 2017ರಲ್ಲಿ ಈ ಗೆರೆಯನ್ನು 130/80ಕ್ಕೆ ಇಳಿಸಿದ್ದಾರೆ, ನಡುವೆ ಬರುವವರ ಜೊತೆ ಅವರ ಉಳಿದ ಅಪಾಯಗಳನ್ನೂ ನೋಡಿ ಮಾತಾಡುತ್ತೇನೆ. ಆದರೆ 180/110ರ ಮೇಲೆ ಹೋಗಿ, ಜೊತೆಗೆ ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು, ಕಣ್ಣು ಮಂಜಾಗುವುದು ಇದ್ದರೆ ವಾರ ಕಾಯುವ ಮಾತೇ ಇಲ್ಲ, ತಕ್ಷಣ ಆಸ್ಪತ್ರೆ.

ಬಿಪಿ ಇದೆ ಅಂತ ಖಾತ್ರಿಯಾದರೆ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತಪರೀಕ್ಷೆ), ಪೊಟ್ಯಾಸಿಯಂ, ಶುಗರ್, ಕೊಲೆಸ್ಟ್ರಾಲ್, ಮೂತ್ರದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನ್, ಒಂದು ಇಸಿಜಿ ಮಾಡಿಸುತ್ತೇನೆ. ಚಿಕ್ಕ ವಯಸ್ಸಿನವರಾಗಿದ್ದರೆ, ಪೊಟ್ಯಾಸಿಯಂ ಕಡಿಮೆಯಿದ್ದರೆ, ಜೋರು ಗೊರಕೆಯಿದ್ದರೆ ಹಿಂದೆ ಬೇರೆ ಕಾರಣ ಇದೆಯಾ ಅಂತ ಹುಡುಕುತ್ತೇನೆ. ದಿನಾ ನುಂಗುವ ನೋವಿನ ಮಾತ್ರೆಯೂ ಬಿಪಿ ಏರಿಸುತ್ತದೆ, ಮೊದಲೇ ಕೇಳಿದ್ದು ಅದಕ್ಕೇ. ಉಪ್ಪು ದಿನಕ್ಕೆ 5 ಗ್ರಾಂ ಒಳಗಿರಬೇಕು, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ. ಮಾತ್ರೆ ಬೇಕಾದಾಗ ಅದು ಏನು ಮಾಡಬಹುದು ಅಂತ ಕೊಡುವಾಗಲೇ ಹೇಳಿಬಿಡುತ್ತೇನೆ: ಆಮ್ಲೋಡಿಪಿನ್‌ನಿಂದ ಪಾದದ ಗಂಟಿನ ಹತ್ತಿರ ಊತ ಬರಬಹುದು, ರಾಮಿಪ್ರಿಲ್ ಥರದ್ದರಿಂದ ಒಣಕೆಮ್ಮು. ಬಸುರಿಯರಿಗೆ, ಬಸುರಾಗುವ ಯೋಚನೆ ಇರುವವರಿಗೆ ಈ ಎರಡನೆಯ ಗುಂಪಿನ ಮಾತ್ರೆ ಕೊಡುವುದಿಲ್ಲ. ಹೇಳದೆ ಕಳಿಸಿದರೆ ಊತ ಕಂಡ ದಿನವೇ ಮಾತ್ರೆ ನಿಲ್ಲಿಸಿ, ನನ್ನ ಹತ್ತಿರ ಬರುವುದನ್ನೂ ನಿಲ್ಲಿಸುತ್ತಾರೆ. ತಿಂಗಳಿಗೆ ಮತ್ತೆ ಬರಬೇಕು. ಬಿಪಿ ಸರಿಯಾಗಿ ಬಂದಿದ್ದರೆ ಅದು ಮಾತ್ರೆಯ ಕೆಲಸ, ವಾಸಿಯಾಯಿತು ಅಂತ ಬಿಡಬೇಡಿ ಅಂತ ಪ್ರತಿ ಸಲವೂ ಹೇಳುತ್ತೇನೆ.

ಶುಗರ್ ವಿಷಯವೂ ಹೀಗೇ. ಖಾಲಿ ಹೊಟ್ಟೆಯಲ್ಲಿ 126 ಅಥವಾ ಜಾಸ್ತಿ, ಇಲ್ಲವೇ ಎಚ್‌ಬಿಎ1ಸಿ (ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) 6.5 ಅಥವಾ ಜಾಸ್ತಿ ಬಂದರೆ ಡಯಾಬಿಟಿಸ್ ಅನ್ನುತ್ತೇವೆ. ಆದರೆ ಬಾಯಾರಿಕೆ, ಪದೇಪದೇ ಮೂತ್ರದಂಥ ಲಕ್ಷಣ ಇಲ್ಲದವರಿಗೆ ಇನ್ನೊಂದು ಪರೀಕ್ಷೆಯಿಂದ ಖಾತ್ರಿಯಾಗದೆ ಹೆಸರಿಡುವುದಿಲ್ಲ. ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ದಾರಿ ತಪ್ಪಿಸಬಹುದು, ಹಾಗಾಗಿ ಹಿಮೋಗ್ಲೋಬಿನ್ ಜೊತೆಗಿಟ್ಟೇ ಓದುತ್ತೇನೆ. ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಶುರು ಮಾಡುವುದಾದರೆ 500 ಮಿಲಿಗ್ರಾಂನಿಂದ, ಊಟದ ಜೊತೆಗೆ, ನಿಧಾನವಾಗಿ ಏರಿಸುತ್ತಾ. ಇಲ್ಲದಿದ್ದರೆ ಹೊಟ್ಟೆ ಕೆಡುತ್ತದೆ.

ಕ್ಯಾನ್ಸರ್ ವಿಷಯದಲ್ಲಿ ನಾನು ಒತ್ತಾಯ ಮಾಡಿಯಾದರೂ ಹೇಳುವುದು ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ, ತಪಾಸಣೆ. ಅಲ್ಲಿ ಬರುವ ಕ್ಯಾನ್ಸರ್‌ಗೆ ಸಂಭೋಗದಿಂದ ಹರಡುವ ಎಚ್‌ಪಿವಿ ವೈರಸ್ ಕಾರಣ ಅಂತ ಗೊತ್ತಾಗಿದೆ, ಅದನ್ನು ಕಂಡುಹಿಡಿದ ಹೆರಾಲ್ಡ್ ತ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಸೋಂಕು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ವರ್ಷಗಳೇ ಬೇಕು, ನಮಗೆ ಸಿಗುವ ಅವಕಾಶ ಆ ನಡುವಿನ ಕಾಲವೇ. 30 ದಾಟಿದ ಮೇಲೆ 5ರಿಂದ 10 ವರ್ಷಕ್ಕೊಮ್ಮೆ ಎಚ್‌ಪಿವಿ ಪರೀಕ್ಷೆ ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದರೆ ಒಂದು ಮಾತು ನೆನಪಿಡಿ. ಈ ಲೆಕ್ಕವೆಲ್ಲ ಲಕ್ಷಣ ಇಲ್ಲದವರಿಗೆ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಸಂಭೋಗದ ನಂತರ ರಕ್ತ ಬಂದರೆ, ಸ್ತನದಲ್ಲಿ ಗಂಟು ಸಿಕ್ಕರೆ, "ಹೋದ ವರ್ಷ ರಿಪೋರ್ಟ್ ನಾರ್ಮಲ್ ಇತ್ತಲ್ವಾ" ಅಂತ ಸುಮ್ಮನಿರುವುದಲ್ಲ. ಆಗ ಹೊಸದಾಗಿ, ಪೂರ್ತಿಯಾಗಿ ನೋಡಲೇಬೇಕು.

ಇನ್ನು ದೇಹವನ್ನೆಲ್ಲ ಸ್ಕ್ಯಾನ್ ಮಾಡುವ ಪ್ಯಾಕೇಜ್. ಬೇಡ ಅಂದರೆ ಜನಕ್ಕೆ ಬೇಜಾರಾಗುತ್ತದೆ, ಅದಕ್ಕೆ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸುತ್ತೇನೆ. ಸಾವಿರ ಜನರಲ್ಲಿ 10 ಜನಕ್ಕೆ ಒಂದು ಕಾಯಿಲೆ ಇದೆ ಅಂದುಕೊಳ್ಳಿ. ಪರೀಕ್ಷೆ ಅವರಲ್ಲಿ 9 ಜನರನ್ನು ಹಿಡಿಯುತ್ತದೆ. ಕಾಯಿಲೆ ಇಲ್ಲದ 990 ಜನರಲ್ಲಿ ನೂರಕ್ಕೆ ಹತ್ತು ಜನಕ್ಕೆ ತಪ್ಪಾಗಿ ಪಾಸಿಟಿವ್ ಬಂದರೂ 99 ಆಯಿತು. ಒಟ್ಟು 108 ಜನ ಗಾಬರಿಯಾಗುತ್ತಾರೆ, ಕಾಯಿಲೆ ಇರುವುದು 9 ಜನಕ್ಕೆ. ದಕ್ಷಿಣ ಕೊರಿಯಾದಲ್ಲಿ ಥೈರಾಯ್ಡ್‌ಗೆ ಅಲ್ಟ್ರಾಸೌಂಡ್ ಮಾಡುವುದು ಹರಡಿದ ಮೇಲೆ, 2011ರ ಹೊತ್ತಿಗೆ ಪತ್ತೆಯಾಗುವ ಥೈರಾಯ್ಡ್ ಕ್ಯಾನ್ಸರ್ ಪ್ರಮಾಣ 1993ಕ್ಕಿಂತ ಸುಮಾರು 15 ಪಟ್ಟಾಯಿತು. ಅದರಿಂದ ಸಾಯುವವರ ಪ್ರಮಾಣ ಹಾಗೇ ಉಳಿಯಿತು. ಎಷ್ಟೋ ಜನ ಸುಮ್ಮಸುಮ್ಮನೆ ಗ್ರಂಥಿ ಕಳೆದುಕೊಂಡು ಜೀವನಪೂರ್ತಿ ಮಾತ್ರೆಗೆ ಬಿದ್ದರು.

ಬರೆದ ಪರೀಕ್ಷೆಯ ಬೆನ್ನು ಹತ್ತುವುದೂ ಚಿಕಿತ್ಸೆಯ ಭಾಗವೇ ಅಂತ ನಾನು ನಂಬಿದ್ದೇನೆ. ಯಾರಿಗೆ ಏನು ಬರೆದೆ, ರಿಪೋರ್ಟ್ ಯಾವಾಗ ಬರಬೇಕು, ಬಂದರೆ ಯಾರು ತಿಳಿಸಬೇಕು ಅಂತ ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ. "ಫೋನ್ ಬಂದಿಲ್ಲ ಅಂದರೆ ಎಲ್ಲಾ ಸರಿ" ಅನ್ನುವ ಮಾತು ನನ್ನಲ್ಲಿ ನಡೆಯುವುದಿಲ್ಲ, ನಾರ್ಮಲ್ ಬಂದರೂ ತಿಳಿಸುತ್ತೇವೆ, ಮುಂದಿನ ತಪಾಸಣೆ ಯಾವ ವರ್ಷ ಅಂತಲೂ ಅವರ ಕಾರ್ಡಿನಲ್ಲಿ ಬರೆದು ಕೊಡುತ್ತೇವೆ. ಮನೆಯಲ್ಲಿ ಬಿಪಿ ನೋಡಿಕೊಳ್ಳುವವರು ಮುಂದಿನ ಸಲ ಬರುವಾಗ ತಮ್ಮ ಮಷಿನ್ನನ್ನೂ ತರಬೇಕು. ನನ್ನದರ ಪಕ್ಕದಲ್ಲಿಟ್ಟು ಎರಡರಲ್ಲೂ ನೋಡಿ, ವ್ಯತ್ಯಾಸ ಜಾಸ್ತಿ ಇದ್ದರೆ ಅದರ ಅಂಕಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.